ಹಳೆಯ ಜೀಪು: ಸದ್ದಿಗಿಂತ ಜಾರುವ ಗೇರಿಗೆ ಅಂಜಬೇಕು

ಮಲೆನಾಡು ಮತ್ತು ಕೊಡಗಿನ ತೋಟಗಳಲ್ಲಿ ಹಳೆಯ ಜೀಪುಗಳು ಇಂದಿಗೂ ದುಡಿಯುತ್ತಿವೆ. ಗೊಬ್ಬರ, ಅಡಿಕೆ ಗೊನೆ, ಕಾಫಿ ಮೂಟೆ, ಕೆಲಸದವರು ಎಲ್ಲವನ್ನೂ ಹೊತ್ತು ಲಾರಿ ಹತ್ತಲಾರದ ಏರನ್ನು ಅವು ಹತ್ತುತ್ತವೆ. ಈ ಸಾಮರ್ಥ್ಯದ ಗುಟ್ಟು ಗೇರ್‌ಬಾಕ್ಸಿನ ಹಿಂದೆ ಇರುವ ಟ್ರಾನ್ಸ್‌ಫರ್ ಕೇಸಿನಲ್ಲಿದೆ. ಅದರ ಸವೆತವನ್ನು ಗುರುತಿಸುವಾಗ ನಮ್ಮ ರೈತರು ಸದ್ದಿಗೆ ಕೊಡುವ ಬೆಲೆಯನ್ನು ಬೇರೆ ಲಕ್ಷಣಗಳಿಗೆ ಕೊಡುತ್ತಿಲ್ಲವೆಂಬುದು ನನ್ನ ಅಭಿಪ್ರಾಯ. ಸದ್ದು ಕೇಳಿ ಗಾಬರಿಯಿಂದ ಸಾವಿರಾರು ರೂಪಾಯಿ ಖರ್ಚು ಮಾಡುವವರೇ, ಇಳಿಜಾರಿನಲ್ಲಿ ಲೋ ಗೇರು ಜಾರತೊಡಗಿದರೆ ಲಿವರಿಗೆ ಸೈಕಲ್ ಟ್ಯೂಬಿನ ಪಟ್ಟಿ ಕಟ್ಟಿ ಓಡಿಸುತ್ತಾರೆ. ಇದು ತಲೆಕೆಳಗಾದ ಲೆಕ್ಕ.

ಬೇಸಾಯ ಶಾಸ್ತ್ರದವನಿಗೆ ಜೀಪಿನ ಗೊಡವೆ ಏಕೆಂದು ಕೆಲವರು ಕೇಳಬಹುದು. ದೋಷ ಪತ್ತೆ ಮಾಡುವ ಕ್ರಮ ಎರಡಕ್ಕೂ ಒಂದೇ. ಎಲೆ ಹಳದಿಯಾದ ಮಾತ್ರಕ್ಕೆ ಯೂರಿಯಾ ಹಾಕುವುದು ಸರಿಯಲ್ಲ. ಕೆಳಗಿನ ಹಳೆಯ ಎಲೆ ಮೊದಲು ಬಿಳಿಚಿಕೊಂಡರೆ ಸಾರಜನಕದ ಕೊರತೆಯನ್ನು ಶಂಕಿಸುತ್ತೇವೆ. ತುದಿಯ ಎಳೆ ಎಲೆ ಬಿಳಿಚಿಕೊಂಡರೆ ಕಬ್ಬಿಣದ ಕೊರತೆಯನ್ನು. ಜೀಪಿನಲ್ಲಿಯೂ ಲಕ್ಷಣ ಎಲ್ಲಿ, ಯಾವಾಗ ಕಾಣುತ್ತದೆ ಎಂಬುದೇ ಮುಖ್ಯ.

ಮಹೀಂದ್ರ ಸಂಸ್ಥೆಯವರು ವಿಲೀಸ್ ಜೀಪುಗಳನ್ನು ನಮ್ಮ ದೇಶದಲ್ಲಿ ಜೋಡಿಸಲು ಆರಂಭಿಸಿದ್ದು 1947ರಲ್ಲಿ. ಸಿಜೆ-3ಬಿ ಮಾದರಿಯಲ್ಲಿರುವುದು ಸ್ಪೈಸರ್ 18 ಎಂಬ ಟ್ರಾನ್ಸ್‌ಫರ್ ಕೇಸು. ಇದರ ಮೂಲ 1941ರ ಯುದ್ಧಕಾಲದ ಜೀಪು. ಇದರಲ್ಲಿ ಹಿಂದಿನ ಪ್ರೊಪೆಲ್ಲರ್ ಶಾಫ್ಟು ಗೇರ್‌ಬಾಕ್ಸಿನ ನೇರಕ್ಕಿಲ್ಲ, ಒಂದು ಪಕ್ಕಕ್ಕಿದೆ. ಆದ್ದರಿಂದ ಹೈ ಆಗಲಿ, ಲೋ ಆಗಲಿ, ಎಂಜಿನ್ನಿನ ಬಲವೆಲ್ಲ ನಡುವಿನ ಗೇರನ್ನು ದಾಟಿಯೇ ಹೋಗಬೇಕು. ಸ್ವಲ್ಪ ಗುಂಯ್‌ಗುಡುವುದು ಇದರ ಹುಟ್ಟುಗುಣ. ನಡುವಿನ ಗೇರು ಸೂಜಿಯಂಥ ಸಣ್ಣ ರೋಲರುಗಳ ಮೇಲೆ ತಿರುಗುತ್ತದೆ. ಎಣ್ಣೆ ಕಡಿಮೆಯಾದಾಗ ಮೊದಲು ಸವೆಯುವುದು ಈ ರೋಲರುಗಳು ಮತ್ತು ಅವು ಕೂರುವ ಶಾಫ್ಟು. ಲೋನಲ್ಲಿ ವೇಗ 2.46 ಪಟ್ಟು ಇಳಿದು ಎಳೆತ ಅಷ್ಟೇ ಪಟ್ಟು ಏರುವುದರಿಂದ ಹಲ್ಲುಗಳ ಮೇಲಿನ ಒತ್ತಡವೂ ಆಗಲೇ ಹೆಚ್ಚು.

ಮೊದಲು ಎಣ್ಣೆ ನೋಡಿ. ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ ಫಿಲ್ಲರ್ ಪ್ಲಗ್ ಬಿಚ್ಚಿದರೆ ಎಣ್ಣೆ ರಂಧ್ರದ ಅಂಚಿನವರೆಗೆ ಇರಬೇಕು. ಸ್ವಲ್ಪ ಎಣ್ಣೆಯನ್ನು ತಟ್ಟೆಗೆ ಇಳಿಸಿ ಅಯಸ್ಕಾಂತ ಆಡಿಸಿ. ನುಣ್ಣನೆಯ ಕಪ್ಪು ಹುಡಿ ಹಳೆಯ ವಾಹನದಲ್ಲಿ ಸಹಜ. ಬೆರಳಿಗೆ ಚುಚ್ಚುವ ಚೂರು ಸಿಕ್ಕರೆ ಬಿಚ್ಚಲೇಬೇಕು. ಎಣ್ಣೆ ಹಾಲು ಬೆರೆಸಿದ ಕಾಫಿಯಂತಿದ್ದರೆ ಹಳ್ಳ ದಾಟುವಾಗ ನೀರು ಸೇರಿದೆ ಎಂದರ್ಥ.

ಸದ್ದನ್ನು ಬೇರ್ಪಡಿಸಲು ಒಂದು ಸುಲಭ ಉಪಾಯವಿದೆ. ಚಕ್ರಗಳಿಗೆ ಕಲ್ಲು ಕೊಟ್ಟು, ಟ್ರಾನ್ಸ್‌ಫರ್ ಕೇಸನ್ನು ನ್ಯೂಟ್ರಲ್ಲಿಗೆ ಹಾಕಿ, ಗೇರ್‌ಬಾಕ್ಸನ್ನು ಟಾಪ್ ಗೇರಿನಲ್ಲಿಟ್ಟು ಕ್ಲಚ್ ಬಿಡಿ. ಜೀಪು ಚಲಿಸುವುದಿಲ್ಲ, ಆದರೆ ನಡುವಿನ ಗೇರು ತಿರುಗುತ್ತದೆ. ಈಗಲೂ ಕರಕರ ಸದ್ದು ಕೇಳಿದರೆ ದೋಷ ಗೇರ್‌ಬಾಕ್ಸಿನ ಹಿಂಭಾಗದಲ್ಲೋ ನಡುವಿನ ಗೇರಿನಲ್ಲೋ ಇರುವ ಸಂಭವ ಹೆಚ್ಚು. ನಿಂತಾಗ ಸದ್ದಿಲ್ಲದೆ ಓಡುವಾಗ ಮಾತ್ರ ಕೇಳಿದರೆ ಪ್ರೊಪೆಲ್ಲರ್ ಶಾಫ್ಟಿನ ಜಾಯಿಂಟ್ ಕ್ರಾಸ್, ಹೊರಶಾಫ್ಟಿನ ಬೇರಿಂಗು, ಕ್ರೌನ್ ಪಿನಿಯನ್ ಇವುಗಳತ್ತ ಗಮನ ಹರಿಸಬೇಕು. ಎಂಜಿನ್ ನಿಲ್ಲಿಸಿ ಶಾಫ್ಟನ್ನು ಕೈಯಿಂದ ತಿರುಗಿಸಿದರೆ ಕ್ರಾಸಿನ ಸಡಿಲ ಕಣ್ಣಿಗೇ ಕಾಣುತ್ತದೆ. ಟ್ರಾನ್ಸ್‌ಫರ್ ಕೇಸಿನಿಂದ ಹೊರಬರುವ ಯೋಕನ್ನು ಹಿಡಿದು ಮೇಲೆ ಕೆಳಗೆ ಅಲ್ಲಾಡಿಸಿದಾಗ ಅದು ಅಲ್ಲಾಡಿದರೆ ಬೇರಿಂಗು ಸವೆದಿದೆ.

ಟೈರುಗಳನ್ನೂ ಮರೆಯುವಂತಿಲ್ಲ. ಮುಂದೆ ಹೊಸದು, ಹಿಂದೆ ಬೋಳು ಟೈರು ಹಾಕಿ ನಾಲ್ಕು ಚಕ್ರದ ಗೇರಿನಲ್ಲಿ ಡಾಂಬರು ರಸ್ತೆಯಲ್ಲಿ ಓಡಿಸಿದರೆ ಲಿವರು ಬಿಗಿದುಕೊಂಡು ಹೊರಬರುವುದಿಲ್ಲ. ಸ್ವಲ್ಪ ಹಿಂದಕ್ಕೆ ಚಲಿಸಿದಾಗ ಬಿಟ್ಟುಕೊಂಡರೆ ಅದು ಸವೆತವಲ್ಲ, ನಮ್ಮ ಬಳಕೆಯ ದೋಷ. ಸೀಮೆಸುಣ್ಣದ ಗುರುತು ಹಾಕಿ ಮುಂದಿನ ಮತ್ತು ಹಿಂದಿನ ಚಕ್ರಗಳು 10 ಸುತ್ತಿಗೆ ಎಷ್ಟು ದೂರ ಉರುಳುತ್ತವೆಂದು ಅಳೆದರೆ ವ್ಯತ್ಯಾಸ ತಿಳಿದೀತು.

ಇನ್ನು ಗೇರು ಜಾರುವ ವಿಷಯ. ಕಡಿದಾದ ಇಳಿಜಾರಿನಲ್ಲಿ ಲೋಡು ತುಂಬಿದ ಜೀಪನ್ನು ಹಿಡಿದಿಡುವುದು ಬ್ರೇಕಿಗಿಂತ ಹೆಚ್ಚಾಗಿ ಎಂಜಿನ್ನಿನ ಹಿಡಿತ. ಲೋ ಗೇರು ನ್ಯೂಟ್ರಲ್ಲಿಗೆ ಜಾರಿದ ಗಳಿಗೆಯಲ್ಲೇ ಆ ಹಿಡಿತ ಕಡಿದುಹೋಗುತ್ತದೆ. ಆಗ ಕೈ ಹ್ಯಾಂಡ್‌ಬ್ರೇಕಿಗೆ ಹೋಗುವುದು ಸಹಜ. ಆದರೆ ಇಂಥ ಬಹುಪಾಲು ಹಳೆಯ ಜೀಪುಗಳಲ್ಲಿ ಹ್ಯಾಂಡ್‌ಬ್ರೇಕಿನ ಡ್ರಮ್ಮು ಚಕ್ರದಲ್ಲಿಲ್ಲ, ಟ್ರಾನ್ಸ್‌ಫರ್ ಕೇಸಿನ ಹಿಂಬದಿಯಲ್ಲೇ ಇದೆ. ಹಿಂದಿನ ಆಯಿಲ್ ಸೀಲು ಸೋರಿದರೆ ಎಣ್ಣೆ ನೇರವಾಗಿ ಅದಕ್ಕೇ ಇಳಿಯುತ್ತದೆ. ಸವೆದ ಪೆಟ್ಟಿಗೆಯಲ್ಲಿ ಸೋರುವಿಕೆಯೂ ಜಾರುವಿಕೆಯೂ ಜೊತೆಯಾಗಿ ಬರುವುದು ಅಪರೂಪವಲ್ಲ. ಉಳಿಯುವುದು ಕಾಲಿನ ಬ್ರೇಕು ಒಂದೇ. ಅದೂ ಮಳೆಗಾಲದ ಕೆಸರಿನಲ್ಲಿ. ಟ್ಯೂಬಿನ ಪಟ್ಟಿಯನ್ನು ನಂಬಿ ಹಿಂದೆ ಹತ್ತು ಜನರನ್ನು ಕೂರಿಸುವುದನ್ನು ನಾನು ಒಪ್ಪಲಾರೆ.

ಜಾರುವುದನ್ನು ಪರೀಕ್ಷಿಸಲು ಖಾಲಿ ಜೀಪನ್ನು ಸಮತಟ್ಟಾದ ದಾರಿಯಲ್ಲಿ ಲೋ, ಎರಡನೆಯ ಗೇರಿನಲ್ಲಿ ಓಡಿಸಿ ಆಕ್ಸಿಲರೇಟರನ್ನು ಒತ್ತಿ ಬಿಡುತ್ತಾ ಲಿವರನ್ನು ಗಮನಿಸಿ. ಅದು ಹೊರಗೆ ಸರಿಯತೊಡಗಿದರೆ ಕೂಡಲೇ ಪೆಟ್ಟಿಗೆ ಬಿಚ್ಚಿಸುವ ಅಗತ್ಯವಿಲ್ಲ. ಲಿವರು ತಳದ ತಗಡಿಗೆ ತಾಗುತ್ತಿದೆಯೇ, ಅದರ ಪಿನ್ನು ಸವೆದಿದೆಯೇ, ಗೇರು ಹಿಡಿದಿಡುವ ಸ್ಪ್ರಿಂಗು ಸೋತಿದೆಯೇ ನೋಡಿಸಿ. ಇವು ಅಗ್ಗದ ಕೆಲಸಗಳು. ಸೀಲು ಸೋರುತ್ತಿದ್ದರೂ ಮೊದಲು ಬ್ರೀದರ್ ಮಣ್ಣಿನಿಂದ ಮುಚ್ಚಿಹೋಗಿದೆಯೇ ಪರೀಕ್ಷಿಸಿ.

ಇವೆಲ್ಲ ಸರಿಯಿದ್ದೂ ಜಾರಿದರೆ ಮೇ ತಿಂಗಳೊಳಗೆ ಬಿಚ್ಚಿಸುವುದು ಲೇಸು. ಮೇಸ್ತ್ರಿಯ ಜೊತೆ ನೀವೂ ನಿಂತು ನೋಡಿ. ನಡುವಿನ ಶಾಫ್ಟಿನ ಮೇಲೆ ಉಗುರು ಎಳೆದಾಗ ಗೆರೆ ತಡೆದರೆ ಶಾಫ್ಟು, ರೋಲರು, ವಾಷರುಗಳನ್ನು ಒಟ್ಟಿಗೇ ಬದಲಿಸಬೇಕು. ಸವೆದ ಶಾಫ್ಟಿಗೆ ಹೊಸ ರೋಲರು ಹಾಕಿದರೆ ಬಾಳುವುದಿಲ್ಲ. ಜಾರುವ ಗೇರಿನ ಹಲ್ಲಿನ ತುದಿ ಓರೆಯಾಗಿ ತೆಳುವಾಗಿದ್ದರೆ ಅದನ್ನೂ ಬದಲಿಸಿ. ಹ್ಯಾಂಡ್‌ಬ್ರೇಕಿನ ಲೈನಿಂಗು ಎಣ್ಣೆ ಕುಡಿದಿದ್ದರೆ ಪೆಟ್ರೋಲಿನಲ್ಲಿ ತೊಳೆದು ಮತ್ತೆ ಕೂರಿಸಲು ಬಿಡಬೇಡಿ, ಹೊಸದನ್ನೇ ಹಾಕಿಸಿ.