ಅಂತರ್ಜಾಲವಿಲ್ಲದ ಗಣಕಕ್ಕೂ ಕನ್ನ: ಕಿತ್ತ ತಂತಿಯ ಅರೆ ಭರವಸೆ

2019ರ ಅಕ್ಟೋಬರ್ 29ರಂದು ತಮಿಳುನಾಡಿನ ಕೂಡಂಕುಳಂ ಅಣುವಿದ್ಯುತ್ ಸ್ಥಾವರದಿಂದ ಒಂದು ಪ್ರಕಟಣೆ ಹೊರಬಿತ್ತು. ಕೂಡಂಕುಳಂ ಹಾಗೂ ದೇಶದ ಇತರ ಅಣುವಿದ್ಯುತ್ ಸ್ಥಾವರಗಳ ನಿಯಂತ್ರಣ ವ್ಯವಸ್ಥೆ ಹೊರಗಿನ ಜಾಲಕ್ಕಾಗಲೀ ಅಂತರ್ಜಾಲಕ್ಕಾಗಲೀ ಜೋಡಣೆಗೊಂಡಿಲ್ಲ, ಆದ್ದರಿಂದ ಅದರ ಮೇಲೆ ಸೈಬರ್ ದಾಳಿ ಸಾಧ್ಯವೇ ಇಲ್ಲ ಎಂಬುದು ಅದರ ಸಾರಾಂಶ. ಉತ್ತರ ಕನ್ನಡದ ಕೈಗಾ ಸ್ಥಾವರವೂ ಈ ಅಭಯದ ವ್ಯಾಪ್ತಿಗೆ ಸೇರಿತ್ತೆಂಬುದು ಗಮನಾರ್ಹ. ಮರುದಿನವೇ ಭಾರತೀಯ ಅಣುವಿದ್ಯುತ್ ನಿಗಮ ಇನ್ನೊಂದು ಪ್ರಕಟಣೆ ನೀಡಿತು. ನಿಗಮದ ಗಣಕದಲ್ಲಿ ಕುತಂತ್ರಾಂಶ ಪತ್ತೆಯಾದದ್ದು ನಿಜ, ಈ ವಿಷಯವನ್ನು ಸರ್ಟ್-ಇನ್ ಸಂಸ್ಥೆ ಸೆಪ್ಟೆಂಬರ್ 4ರಂದೇ ತಿಳಿಸಿತ್ತು ಎಂದು ಅದು ಒಪ್ಪಿಕೊಂಡಿತು. ಸೋಂಕು ತಗುಲಿದ್ದು ಆಡಳಿತದ ಕೆಲಸಕ್ಕೆ ಬಳಸುತ್ತಿದ್ದ, ಅಂತರ್ಜಾಲ ಸಂಪರ್ಕವಿದ್ದ ಗಣಕಕ್ಕೆ; ಸ್ಥಾವರದ ಒಳಜಾಲ ಅದರಿಂದ ಬೇರೆಯಾಗಿದೆ ಎಂಬ ಸಮಜಾಯಿಷಿಯೂ ಅದರೊಂದಿಗಿತ್ತು.

ಅಕ್ಷರಶಃ ನೋಡಿದರೆ ಎರಡು ಪ್ರಕಟಣೆಗಳ ನಡುವೆ ವಿರೋಧವಿಲ್ಲ. ಆದರೆ ‘ಸಂಪರ್ಕವಿಲ್ಲ’ ಎಂಬ ಮಾತಿನಿಂದ ‘ದಾಳಿ ಸಾಧ್ಯವಿಲ್ಲ’ ಎಂಬ ತೀರ್ಮಾನಕ್ಕೆ ಮೊದಲನೆಯ ಪ್ರಕಟಣೆ ಜಿಗಿದ ಜಿಗಿತವಿದೆಯಲ್ಲ, ಅದೇ ಪ್ರಶ್ನಾರ್ಹ. ಅದೇ ಜಿಗಿತವನ್ನು ಇಂದು ಸಾವಿರಾರು ಮನೆಗಳಲ್ಲಿಯೂ ಕಾಣಬಹುದು. 2025ರ ಅಕ್ಟೋಬರ್ 14ಕ್ಕೆ ಮೈಕ್ರೋಸಾಫ್ಟ್ ಸಂಸ್ಥೆ ವಿಂಡೋಸ್ 10ಕ್ಕೆ ನೀಡುತ್ತಿದ್ದ ಸಾಮಾನ್ಯ ಬೆಂಬಲವನ್ನು ನಿಲ್ಲಿಸಿತು. ಹೊಸ ಆವೃತ್ತಿ ಹಿಡಿಸದ ಹಳೆಯ ಗಣಕವನ್ನು ಎಸೆಯಲು ಮನಸ್ಸಿಲ್ಲದವರು ಅದರ ಅಂತರ್ಜಾಲ ಸಂಪರ್ಕವನ್ನು ತೆಗೆದು, ಲೆಕ್ಕಪತ್ರ, ಕುಟುಂಬದ ಛಾಯಾಚಿತ್ರ, ಆಸ್ತಿ ಪತ್ರಗಳ ಪ್ರತಿ, ಬ್ಯಾಂಕಿನ ಗುಪ್ತಪದಗಳ ಪಟ್ಟಿ ಇತ್ಯಾದಿಗಳಿಗೆ ಮೀಸಲಿಡುತ್ತಿದ್ದಾರೆ. ನೆಟ್ ಇಲ್ಲದ ಮೇಲೆ ಕಳ್ಳನಿಗೆ ದಾರಿ ಎಲ್ಲಿ ಎಂಬುದು ಅವರ ವಾದ. ಈ ವಾದದಲ್ಲಿ ಹುರುಳಿಲ್ಲದಿಲ್ಲ. ಆದರೆ ಇರುವುದು ಅರ್ಧ ಹುರುಳು ಮಾತ್ರ.

ಅಂತರ್ಜಾಲಕ್ಕಿಂತ ಹಳೆಯ ರೋಗ

ಮನೆಮನೆಗೆ ಅಂತರ್ಜಾಲ ಬರುವುದಕ್ಕೆ ಎಷ್ಟೋ ಮೊದಲೇ ಗಣಕ ವೈರಸ್‌ಗಳು ಬಂದಿದ್ದವು. ಐಬಿಎಂ ಮಾದರಿಯ ವೈಯಕ್ತಿಕ ಗಣಕಗಳ ಮೊದಲ ವೈರಸ್ ಎಂದು ಹೆಸರಾದ ‘ಬ್ರೇನ್’ ಹುಟ್ಟಿದ್ದು 1986ರಲ್ಲಿ, ಪಾಕಿಸ್ತಾನದ ಲಾಹೋರಿನಲ್ಲಿ. ಬಾಸಿತ್ ಮತ್ತು ಅಮ್ಜದ್ ಫಾರೂಕ್ ಅಲ್ವಿ ಎಂಬ ಸೋದರರು ಬರೆದ ಅದು ಫ್ಲಾಪಿಯಿಂದ ಫ್ಲಾಪಿಗೆ, ಕೈಯಿಂದ ಕೈಗೆ ದಾಟುತ್ತಲೇ ದೇಶದೇಶಗಳನ್ನು ಸುತ್ತಿತು. ಫ್ಲಾಪಿಯ ಸ್ಥಾನಕ್ಕೆ ಪೆನ್ ಡ್ರೈವ್ ಬಂದಾಗ ವೇಗ ಹೆಚ್ಚಾಯಿತು, ರೀತಿ ಬದಲಾಗಲಿಲ್ಲ. ಪರೀಕ್ಷೆಯ ಅರ್ಜಿ ಮುದ್ರಿಸಲು ಜೆರಾಕ್ಸ್ ಅಂಗಡಿಗೆ ಪೆನ್ ಡ್ರೈವ್ ಒಯ್ದವರಿಗೆ, ಮರಳಿ ಬಂದು ನೋಡುವಷ್ಟರಲ್ಲಿ ಕಡತಗಳೆಲ್ಲ ಮಾಯವಾಗಿ ಬರಿಯ ಶಾರ್ಟ್‌ಕಟ್‌ಗಳು ಉಳಿದಿದ್ದ ಅನುಭವ ಹೊಸತೇನಲ್ಲ. ಡಿಟಿಪಿ ಕೇಂದ್ರದಿಂದ ನುಡಿ, ಬರಹ ತಂತ್ರಾಂಶಗಳನ್ನೂ ಫಾಂಟ್‌ಗಳನ್ನೂ ಪ್ರತಿ ಮಾಡಿಕೊಂಡು ಬಂದ ಪೆನ್ ಡ್ರೈವ್‌ಗಳಲ್ಲಿ ಕೇಳದೇ ಬಂದ ಅತಿಥಿಗಳೂ ಇರುತ್ತಿದ್ದರು. ಆ ಕಾಲದ ವಿಂಡೋಸ್, ಪೆನ್ ಡ್ರೈವ್ ಚುಚ್ಚಿದೊಡನೆ ಅದರಲ್ಲಿದ್ದ ತಂತ್ರಾಂಶವನ್ನು ತಾನಾಗಿಯೇ ಚಾಲೂ ಮಾಡಲು ಆಸ್ಪದ ನೀಡುತ್ತಿದ್ದುದು ಇದಕ್ಕೆ ಮುಖ್ಯ ಕಾರಣ. ಎಕ್ಸ್‌ಪಿ ಮತ್ತು ವಿಸ್ಟಾ ಗಣಕಗಳಲ್ಲಿ ಈ ಸೌಲಭ್ಯವನ್ನು ಮೈಕ್ರೋಸಾಫ್ಟ್ ವ್ಯಾಪಕವಾಗಿ ಬಂದ್ ಮಾಡಿದ್ದು 2011ರಲ್ಲಿ. ಅದನ್ನು ಬಂದ್ ಮಾಡುವ ಪರಿಷ್ಕರಣೆ ತಲುಪಬೇಕಾದದ್ದು ಅಂತರ್ಜಾಲದ ಮೂಲಕವೇ ಎಂಬುದು ಇಲ್ಲಿನ ವಿಪರ್ಯಾಸ.

ದೊಡ್ಡವರ ಮನೆಯ ದೋಸೆಯೂ ತೂತೇ. 2008ರಲ್ಲಿ ಪಶ್ಚಿಮ ಏಷ್ಯಾದ ಅಮೆರಿಕನ್ ಸೇನಾ ನೆಲೆಯೊಂದರ ಲ್ಯಾಪ್‌ಟಾಪ್‌ಗೆ ಯಾರೋ ಒಂದು ಪೆನ್ ಡ್ರೈವ್ ಚುಚ್ಚಿದರು. ಅದರೊಳಗಿದ್ದ ಕುತಂತ್ರಾಂಶ ಸೇನೆಯ ರಹಸ್ಯ ಜಾಲದವರೆಗೂ ಹಬ್ಬಿತು. ಅಂದಿನವರೆಗೆ ಅಮೆರಿಕದ ಸೇನಾ ಗಣಕಗಳ ಮೇಲೆ ನಡೆದ ಅತಿ ದೊಡ್ಡ ಅತಿಕ್ರಮಣ ಅದೇ ಎಂದು ಎರಡು ವರ್ಷಗಳ ಬಳಿಕ ಬಹಿರಂಗವಾಗಿ ಬರೆದವರು ಆಗಿನ ರಕ್ಷಣಾ ಉಪಕಾರ್ಯದರ್ಶಿ ವಿಲಿಯಂ ಲಿನ್. ಪೆಂಟಗನ್ ಕೆಲಕಾಲ ಪೆನ್ ಡ್ರೈವ್‌ಗಳನ್ನೇ ನಿಷೇಧಿಸಬೇಕಾಯಿತು.

ಒಳದಾರಿ, ಹೊರದಾರಿ

ಈ ವಿಷಯದಲ್ಲಿ ಗೊಂದಲ ಹುಟ್ಟುವುದು ಒಂದು ವ್ಯತ್ಯಾಸವನ್ನು ಮರೆತಾಗ. ಕೆಡಿಸಲು ಬಂದವನಿಗೆ ಒಳಹೋಗುವ ದಾರಿಯೊಂದೇ ಸಾಕು. ಕದಿಯಲು ಬಂದವನಿಗೆ ಮಾತ್ರ ಕದ್ದುದನ್ನು ಹೊತ್ತು ಹೊರಬರುವ ದಾರಿಯೂ ಬೇಕು.

ಕೆಡಿಸುವವನಿಗೆ ಶ್ರೇಷ್ಠ ಉದಾಹರಣೆ ಸ್ಟಕ್ಸ್‌ನೆಟ್. 2010ರ ಜೂನ್‌ನಲ್ಲಿ ಬೆಲಾರೂಸ್‌ನ ಸಣ್ಣ ಆ್ಯಂಟಿವೈರಸ್ ಸಂಸ್ಥೆಯೊಂದು ಪತ್ತೆಹಚ್ಚಿದ ಈ ಕುತಂತ್ರಾಂಶ ಪೆನ್ ಡ್ರೈವ್ ಮೂಲಕ ಹರಡುವಂತೆ ರೂಪಿತವಾಗಿತ್ತು. ಪೆನ್ ಡ್ರೈವ್‌ನ ಕಡತಗಳ ಚಿಹ್ನೆಗಳು ತೆರೆಯ ಮೇಲೆ ಮೂಡಿದರೆ ಸಾಕು, ಯಾವುದನ್ನೂ ಒತ್ತದೆಯೇ ಸೋಂಕು ತಗುಲುತ್ತಿತ್ತು. ಇರಾನಿನ ನತಾನ್ಜ್‌ನಲ್ಲಿ, ಹೊರಜಗತ್ತಿನ ಜಾಲದಿಂದ ಬೇರ್ಪಡಿಸಿದ್ದ ಯುರೇನಿಯಂ ಸಂಸ್ಕರಣಾ ಘಟಕವನ್ನು ಅದು ತಲುಪಿತು. ಸೀಮೆನ್ಸ್ ನಿಯಂತ್ರಕಗಳ ಮೂಲಕ ಸೆಂಟ್ರಿಫ್ಯೂಜ್‌ಗಳ ವೇಗವನ್ನು ಏರುಪೇರು ಮಾಡುತ್ತ, ಸಿಬ್ಬಂದಿಗೆ ಮಾತ್ರ ಎಲ್ಲವೂ ಸರಿಯಿದೆಯೆಂದು ತೋರಿಸುತ್ತಿತ್ತು. ಸುಮಾರು 1,000 ಸೆಂಟ್ರಿಫ್ಯೂಜ್‌ಗಳು ಹಾಳಾದವೆಂಬುದು ತಜ್ಞರ ಅಂದಾಜು. ಇದರ ಹಿಂದೆ ಅಮೆರಿಕ ಮತ್ತು ಇಸ್ರೇಲ್‌ಗಳಿದ್ದವೆಂಬುದು ವ್ಯಾಪಕ ವರದಿ. ಎರಡೂ ಅಧಿಕೃತವಾಗಿ ಒಪ್ಪಿಲ್ಲ. ಗುರಿ ಇರಾನ್ ಆಗಿದ್ದರೂ ಸೋಂಕು ಅಲ್ಲಿಗೇ ನಿಲ್ಲಲಿಲ್ಲ. ಸಿಮ್ಯಾಂಟೆಕ್ ಸಂಸ್ಥೆಯ ಎಣಿಕೆಯಂತೆ ಇರಾನ್, ಇಂಡೋನೇಷ್ಯಾಗಳ ನಂತರ ಮೂರನೆಯ ಸ್ಥಾನ ಭಾರತದ್ದು. ಸೋಂಕಿತ ಗಣಕಗಳಲ್ಲಿ ಶೇಕಡಾ 8ಕ್ಕೂ ಹೆಚ್ಚು ಇಲ್ಲಿದ್ದವು.

ಒಳದಾರಿ ಇದ್ದೂ ಹೊರದಾರಿ ಇಲ್ಲದಿದ್ದರೆ ಏನಾದೀತೆಂಬುದಕ್ಕೆ ಜರ್ಮನಿಯ ಗುಂಡ್ರೆಮಿಂಗೆನ್ ಅಣುವಿದ್ಯುತ್ ಸ್ಥಾವರ ಸಾಕ್ಷಿ. 2016ರ ಏಪ್ರಿಲ್‌ನಲ್ಲಿ ಅಲ್ಲಿನ ಇಂಧನ ಸರಳುಗಳನ್ನು ಸಾಗಿಸುವ ಯಂತ್ರಕ್ಕೆ ಸಂಬಂಧಿಸಿದ ಗಣಕದಲ್ಲಿ ರಾಮ್ನಿಟ್, ಕಾನ್‌ಫಿಕರ್‌ನಂಥ ಹಳೆಯ ಕುತಂತ್ರಾಂಶಗಳು ಸಿಕ್ಕವು. ಕಚೇರಿಯ 18 ಪೆನ್ ಡ್ರೈವ್ ಮುಂತಾದ ಸಾಧನಗಳಲ್ಲೂ ಕುತಂತ್ರಾಂಶವಿತ್ತು. ರಾಮ್ನಿಟ್ ಮಾಹಿತಿ ಕದ್ದು ಒಡೆಯನಿಗೆ ರವಾನಿಸಲು ಹುಟ್ಟಿದ್ದು. ಅಂತರ್ಜಾಲವಿಲ್ಲದ ಗಣಕದೊಳಗೆ ಸಿಕ್ಕಿಕೊಂಡ ಅದು ಬೋನಿಗೆ ಬಿದ್ದ ಇಲಿಯಂತೆ ಸುಮ್ಮನಿರಬೇಕಾಯಿತು. ಸಂಪರ್ಕ ಕಡಿದದ್ದರಿಂದ ಲಾಭವಿಲ್ಲವೆಂದು ವಾದಿಸುವವರು ಈ ಪ್ರಕರಣವನ್ನು ಮರೆಯಬಾರದು. ದೂರದೇಶದಲ್ಲಿ ಕುಳಿತು ಲಕ್ಷಾಂತರ ಗಣಕಗಳ ಬಾಗಿಲನ್ನು ಒಮ್ಮೆಗೇ ತಟ್ಟುವ ಕಳ್ಳರ ಪಾಲಿಗೆ ತಂತಿಯಿಲ್ಲದ ಮನೆ ಗಣಕ ಇಲ್ಲವೇ ಇಲ್ಲ. ಮನೆಯವರ ಮಟ್ಟಿಗೆ ಇದು ಸಣ್ಣ ರಕ್ಷಣೆಯಲ್ಲ.

ಫ್ಯಾನಿನ ಸದ್ದು, ದೀಪದ ಮಿಣುಕು

ಹೊರದಾರಿಯ ಪ್ರಶ್ನೆ ಬಂದಾಗಲೆಲ್ಲ ಪತ್ರಿಕೆಗಳಲ್ಲಿ ರೋಚಕ ಸುದ್ದಿಗಳು ಕಾಣಿಸಿಕೊಳ್ಳುತ್ತವೆ. ಗಣಕದ ಫ್ಯಾನಿನ ಸದ್ದಿನಿಂದ, ಹಾರ್ಡ್ ಡಿಸ್ಕಿನ ಪುಟ್ಟ ದೀಪದ ಮಿಣುಕಿನಿಂದ, ಬಿಸಿಯ ಏರಿಳಿತದಿಂದ ಗುಟ್ಟು ರಟ್ಟಾಗುತ್ತದೆ ಎಂಬ ಸುದ್ದಿಗಳಿವು. ಇವು ಕಟ್ಟುಕತೆಗಳಲ್ಲ. 1985ರಲ್ಲೇ ನೆದರ್‌ಲ್ಯಾಂಡ್ಸ್‌ನ ವಿಮ್ ವಾನ್ ಎಕ್ ಎಂಬ ಸಂಶೋಧಕ, ಗಣಕದ ಪರದೆ ಹೊರಸೂಸುವ ಅಲೆಗಳನ್ನು ದೂರದಿಂದ ಹಿಡಿದು ಅದರ ಮೇಲಿನ ಬರಹವನ್ನು ಓದಬಹುದೆಂದು ತೋರಿಸಿದ್ದರು. ಇಸ್ರೇಲಿನ ಬೆನ್-ಗುರಿಯನ್ ವಿಶ್ವವಿದ್ಯಾಲಯದ ಮೊರ್ಡೆಕಾಯ್ ಗುರಿ ಮತ್ತು ಸಂಗಡಿಗರು 2014ರಿಂದೀಚೆಗೆ ಇಂಥ ಹತ್ತಾರು ವಿಧಾನಗಳನ್ನು ಪ್ರಯೋಗಾಲಯದಲ್ಲಿ ಸಾಧಿಸಿದ್ದಾರೆ.

ಆದರೆ ಸುದ್ದಿಯ ತಲೆಬರಹದಲ್ಲಿ ಕಾಣದ ಎರಡು ಸಂಗತಿಗಳಿವೆ. ಒಂದು, ಗುರಿ ತಂಡದ ಈ ವಿಧಾನಗಳಲ್ಲಿ ಫ್ಯಾನಿನ ವೇಗವನ್ನೋ ದೀಪದ ಮಿಣುಕನ್ನೋ ಬೇಕಾದಂತೆ ಕುಣಿಸಲು ಗಣಕದೊಳಗೆ ಮೊದಲೇ ಕುತಂತ್ರಾಂಶ ಸೇರಿರಬೇಕು. ಅಂದರೆ ಇದು ಒಳನುಗ್ಗುವ ವಿದ್ಯೆಯಲ್ಲ, ನುಗ್ಗಿದವನು ಹೊರಗೆ ಪಿಸುಗುಟ್ಟುವ ವಿದ್ಯೆ. ಎರಡು, ಆ ಪಿಸುಮಾತಿನ ವೇಗ. ಬಿಸಿಯ ಏರಿಳಿತವನ್ನು ಬಳಸುವ 2015ರ ವಿಧಾನದಲ್ಲಿ ಗಂಟೆಗೆ 8 ಬಿಟ್ ಮಾತ್ರ ದಾಟುತ್ತದೆ. ಅದೂ ಸೋಂಕಿತವಾದ ಎರಡು ಗಣಕಗಳು ಒಂದೂಕಾಲು ಅಡಿ ಅಂತರದಲ್ಲಿ ಪಕ್ಕಪಕ್ಕ ಇದ್ದಾಗ. ಈ ಲೆಕ್ಕದಲ್ಲಿ ಹತ್ತಕ್ಷರದ ಗುಪ್ತಪದ ಹೊರಬರಲು 10 ಗಂಟೆ ಬೇಕು. ಎರಡು ಮೆಗಾಬೈಟಿನ ಒಂದು ಮದುವೆ ಫೋಟೊ ಹೊರಬರಲು 220 ವರ್ಷಗಳಿಗೂ ಹೆಚ್ಚು. ಫ್ಯಾನಿನ ಸದ್ದಿನದು ಗಂಟೆಗೆ 900 ಬಿಟ್‌ಗಳಷ್ಟು; ಅದೇ ಫೋಟೊಕ್ಕೆ ಎರಡು ವರ್ಷ. ದೀಪದ ಮಿಣುಕು ಮಾತ್ರ ಇವೆರಡಕ್ಕಿಂತ ಬಹಳ ಚುರುಕು, ಸೆಕೆಂಡಿಗೆ 4,000 ಬಿಟ್‌ಗಳವರೆಗೆ. ಆದರೆ ಆ ದೀಪ ನೇರವಾಗಿ ಕಾಣುವಂತೆ ಎಲ್ಲಿಯಾದರೂ ಸೂಕ್ತ ಕ್ಯಾಮೆರಾ ಅಥವಾ ಬೆಳಕಿನ ಸಂವೇದಕ ಇಡಬೇಕು. ರಾಯಭಾರ ಕಚೇರಿಯ ಸಂಕೇತ ಕದಿಯಲು ಇಷ್ಟು ಶ್ರಮ ಪಡುವವರಿರಬಹುದು. ಮಲ್ಲೇಶ್ವರದ ನಿವೃತ್ತ ಗುಮಾಸ್ತರ ಪಿಂಚಣಿ ಲೆಕ್ಕಕ್ಕಾಗಿ ಯಾರೂ ಕಿಟಕಿಯಾಚೆ ದುರ್ಬೀನು ಹಿಡಿದು ಕೂರಲಾರರು.

ರಾಯಭಾರ ಕಚೇರಿಗಳಲ್ಲಿಯೂ ನಡೆದ ದಾರಿ ಬೇರೆಯೇ. ಸಂಪರ್ಕ ಕಡಿದ ಗಣಕಗಳಿಗೆ ಕನ್ನ ಹಾಕಲೆಂದೇ ತಯಾರಾದ, ಬಹಿರಂಗಕ್ಕೆ ಬಂದ 17 ಕುತಂತ್ರಾಂಶ ವ್ಯವಸ್ಥೆಗಳನ್ನು ಸ್ಲೊವಾಕಿಯಾದ ಇಸೆಟ್ ಸಂಸ್ಥೆ 2021ರಲ್ಲಿ ಪರಿಶೀಲಿಸಿತು. ಹದಿನೇಳೂ ನೆಚ್ಚಿಕೊಂಡದ್ದು ಯುಎಸ್‌ಬಿ ಸಾಧನವನ್ನೇ! ಅಲೆಯಿಲ್ಲ, ಸದ್ದಿಲ್ಲ, ಬಿಸಿಯಿಲ್ಲ. ಇವುಗಳ ತಂತ್ರಕ್ಕೆ ಹಳೆಯ ಮಾದರಿ 2015ರಲ್ಲಿ ಕ್ಯಾಸ್ಪರ್‌ಸ್ಕಿ ಬಯಲಿಗೆಳೆದ ‘ಫ್ಯಾನಿ’. ಅದು ಪೆನ್ ಡ್ರೈವ್‌ನಲ್ಲಿ ಗುಪ್ತ ಜಾಗವೊಂದನ್ನು ಸೃಷ್ಟಿಸಿಕೊಂಡು, ಸಂಪರ್ಕವಿಲ್ಲದ ಗಣಕದ ವಿವರಗಳನ್ನು ಅಲ್ಲಿ ಬಚ್ಚಿಡುತ್ತಿತ್ತು. ಅದೇ ಪೆನ್ ಡ್ರೈವ್ ಮುಂದೆ ಅಂತರ್ಜಾಲವಿದ್ದ ಗಣಕಕ್ಕೆ ಹೋದಾಗ ಆ ವಿವರ ಒಡೆಯನಿಗೆ ರವಾನೆ. ಮರಳುವಾಗ ಅದೇ ಜಾಗದಲ್ಲಿ ಹೊಸ ಆಜ್ಞೆ. ಗಣಕದ ಮಾಲೀಕನೇ ಇಲ್ಲಿ ತಿಳಿಯದೆ ಅಂಚೆಯವನಾಗುತ್ತಾನೆ. ಬೆಲಾರೂಸ್‌ನಲ್ಲಿರುವ ದಕ್ಷಿಣ ಏಷ್ಯಾದ ದೇಶವೊಂದರ ರಾಯಭಾರ ಕಚೇರಿಯ ಮೇಲೆ 2019ರಲ್ಲಿ ಇಂಥದೇ ದಾಳಿ ನಡೆದಿತ್ತೆಂದು ಇಸೆಟ್ 2024ರ ಅಕ್ಟೋಬರ್‌ನಲ್ಲಿ ವರದಿ ಮಾಡಿದೆ. ಸಂಸ್ಥೆ ದೇಶದ ಹೆಸರು ಹೇಳಿಲ್ಲ.

ಜನ ಇಷ್ಟು ಸುಲಭವಾಗಿ ಪೆನ್ ಡ್ರೈವ್ ಚುಚ್ಚುತ್ತಾರೆಯೇ? ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದ ಆವರಣದಲ್ಲಿ ಸಂಶೋಧಕರು 297 ಪೆನ್ ಡ್ರೈವ್‌ಗಳನ್ನು ಬೇಕೆಂದೇ ಬೀಳಿಸಿ ನೋಡಿದರು. 2016ರಲ್ಲಿ ಪ್ರಕಟವಾದ ಫಲಿತಾಂಶದಂತೆ ಬಹುತೇಕ ಎಲ್ಲವನ್ನೂ ಯಾರಾದರೂ ಎತ್ತಿಕೊಂಡಿದ್ದರು. ಶೇಕಡಾ 45ರಷ್ಟರಲ್ಲಿನ ಕಡತಗಳನ್ನು ತೆರೆದೂ ನೋಡಿದ್ದರು.

ಕಡಿದದ್ದು ನಿಜವೇ?

ಮನೆ ಗಣಕದ ವಿಷಯದಲ್ಲಿ ಇನ್ನೊಂದು ಸರಳ ಪ್ರಶ್ನೆ ಉಳಿಯುತ್ತದೆ. ತಂತಿ ಕಿತ್ತ ಮಾತ್ರಕ್ಕೆ ಸಂಪರ್ಕ ಕಡಿಯುವುದಿಲ್ಲ. ಲ್ಯಾಪ್‌ಟಾಪ್‌ಗಳಲ್ಲಿ ವೈಫೈ, ಬ್ಲೂಟೂತ್‌ಗಳು ಒಳಗೇ ಕೂತಿರುತ್ತವೆ. ಒಮ್ಮೆ ಗುಪ್ತಪದ ಕೊಟ್ಟ ವೈಫೈಗೆ ಗಣಕ ತಾನೇ ಮತ್ತೆ ಜೋಡಿಕೊಳ್ಳಬಲ್ಲದು. ಚಾರ್ಜ್ ಮಾಡಲೆಂದು ಮೊಬೈಲ್ ಚುಚ್ಚಿದವರು ಅದರಲ್ಲಿ ಟೆದರಿಂಗ್ ಚಾಲೂ ಇಟ್ಟಿದ್ದರೆ ಆ ಕ್ಷಣಕ್ಕೆ ಗಣಕವೂ ಅಂತರ್ಜಾಲದಲ್ಲಿದೆ ಎಂದೇ ಅರ್ಥ.

ಕೈಗೆ ಸಿಕ್ಕ ಗಣಕಕ್ಕಂತೂ ಅಂತರ್ಜಾಲದ ಹಂಗೇ ಇಲ್ಲ. ವಿಂಡೋಸ್ ತೆರೆಯುವಾಗ ಕೇಳುವ ಗುಪ್ತಪದ ಬಾಗಿಲಿನ ಚಿಲಕವಷ್ಟೆ. ಹಾರ್ಡ್ ಡಿಸ್ಕನ್ನು ಬಿಚ್ಚಿ ಬೇರೆ ಗಣಕಕ್ಕೆ ಜೋಡಿಸಿದರೆ, ಗೂಢಲಿಪೀಕರಣ ಮಾಡದಿದ್ದ ಪಕ್ಷದಲ್ಲಿ, ಎಲ್ಲವೂ ತೆರೆದ ಪುಸ್ತಕ. ಕೆನಡಾದ ಗ್ವೆಲ್ಫ್ ವಿಶ್ವವಿದ್ಯಾಲಯದ ಸಂಶೋಧಕರು 2022ರಲ್ಲಿ ಪ್ರಕಟಿಸಿದ ಅಧ್ಯಯನವೊಂದಕ್ಕಾಗಿ ಲ್ಯಾಪ್‌ಟಾಪ್‌ಗಳನ್ನು ದುರಸ್ತಿಗೆಂದು ಅಂಗಡಿಗಳಿಗೆ ಕೊಟ್ಟು, ಒಳಗೆ ನಡೆದದ್ದೆಲ್ಲ ದಾಖಲಾಗುವಂತೆ ಮಾಡಿದ್ದರು. ಆರು ಅಂಗಡಿಗಳಲ್ಲಿ ಕೆಲಸಗಾರರು ಖಾಸಗಿ ಕಡತಗಳನ್ನು ಇಣುಕಿ ನೋಡಿದ್ದರು. ಎರಡರಲ್ಲಿ ಪ್ರತಿ ಮಾಡಿಕೊಂಡಿದ್ದರು. ವಿಂಡೋಸ್‌ನ ಪ್ರೊ ಆವೃತ್ತಿಯಲ್ಲಿರುವ ಬಿಟ್‌ಲಾಕರ್ ಅಥವಾ ಉಚಿತವಾಗಿ ದೊರೆಯುವ ವೆರಾಕ್ರಿಪ್ಟ್ ಬಳಸಿ ಡಿಸ್ಕಿಗೆ ಬೀಗ ಹಾಕಿದವರಿಗೆ ಈ ಭಯ ಬಹುಮಟ್ಟಿಗೆ ಇಲ್ಲ. ಬೀಗದ ಕೈ ಮರೆತರೆ ಮಾತ್ರ ಮಾಲೀಕನಿಗೂ ಒಳಗೆ ಪ್ರವೇಶವಿಲ್ಲ.

ಸಂಪರ್ಕ ಕಡಿದದ್ದಕ್ಕೆ ತೆರಬೇಕಾದ ಬೆಲೆಯೂ ಇದೆ. ಅಂತರ್ಜಾಲವಿಲ್ಲದ ಗಣಕಕ್ಕೆ ಭದ್ರತಾ ಪರಿಷ್ಕರಣೆಗಳು ತಾವಾಗಿ ಬರುವುದಿಲ್ಲ, ಆ್ಯಂಟಿವೈರಸ್ ಪಟ್ಟಿ ಹಳತಾಗುತ್ತದೆ. ಬಾಗಿಲು ಕಡಿಮೆ, ಆದರೆ ಇರುವ ಒಂದು ಬಾಗಿಲು ಗೆದ್ದಲು ತಿಂದದ್ದು. ಅವನ್ನು ತರಲು ಪೆನ್ ಡ್ರೈವ್‌ನ ಮೊರೆಹೊಕ್ಕರೆ ಅಪಾಯ ಬರುವ ಬಾಗಿಲನ್ನೇ ತೆರೆದಂತೆ. ಈ ಇಕ್ಕಟ್ಟಿಗೆ ಪೂರ್ಣ ಪರಿಹಾರವಿಲ್ಲ. ಜಾಣ್ಮೆಯ ನಡೆ ಇದೆ. ಆ ಗಣಕಕ್ಕೆಂದೇ ಒಂದು ಪೆನ್ ಡ್ರೈವ್ ಮೀಸಲಿಟ್ಟು, ಪರಿಷ್ಕರಣೆಯಾದ ಇನ್ನೊಂದು ಗಣಕದಲ್ಲಿ ಪ್ರತಿ ಬಾರಿಯೂ ತಪಾಸಣೆ ಮಾಡಿಯೇ ಚುಚ್ಚುವುದು. ಮುದ್ರಣಕ್ಕೆ ಅಂಗಡಿಗೆ ಒಯ್ಯುವ ಪೆನ್ ಡ್ರೈವ್ ಬೇರೆಯೇ ಇಟ್ಟು, ಅದನ್ನು ಮರಳಿ ಆ ಗಣಕದ ಹತ್ತಿರ ಸುಳಿಯಗೊಡದಿರುವುದು. ಮುಖ್ಯ ಕಡತಗಳ ಇನ್ನೊಂದು ಪ್ರತಿಯನ್ನು ಬೇರೆಡೆ ಇಡುವುದು. ಇಷ್ಟೆಲ್ಲ ಪಾಲಿಸುವ ಮನೆಗೆ ಹಬ್ಬಕ್ಕೆ ಬಂದ ನೆಂಟರ ಹುಡುಗ, ಹೊಸ ಹಾಡುಗಳಿವೆ ಎನ್ನುತ್ತ ಜೇಬಿನಿಂದ ತನ್ನ ಪೆನ್ ಡ್ರೈವ್ ತೆಗೆದಾಗ ಬೇಡವೆನ್ನುವ ದಾಕ್ಷಿಣ್ಯ ಬಿಟ್ಟವರು ಎಷ್ಟು ಮಂದಿ?