ಎಣಿಕೆ ಸರಿಯಿದ್ದೂ ನಿಲ್ಲದ ರಕ್ತ

ಮೇಲವಂಕಿಯ ಹಿರಿಯ ಗೃಹಸ್ಥರೊಬ್ಬರು ತಮ್ಮ ಆರು ವರ್ಷದ ಮೊಮ್ಮಗಳೊಡನೆ ಮೊನ್ನೆ ನಮ್ಮ ಮನೆಗೆ ಬಂದಿದ್ದರು. ಹಲ್ಲೊಂದು ಬಿದ್ದರೆ ಹುಡುಗಿಗೆ ಎರಡು ದಿನ ರಕ್ತ ನಿಲ್ಲುವದಿಲ್ಲ. ಮೂಗಿನಿಂದಲೂ ಆಗಾಗ ಸುರಿಯುವದು. ದೊಡ್ಡ ಆಸ್ಪತ್ರೆಯ ವೈದ್ಯರು ಪರೀಕ್ಷಿಸಿ, ಇದು ಗ್ಲಾನ್ಸ್‌ಮನ್ ರೋಗವೆಂದು ಚೀಟಿಯಲ್ಲಿ ಬರೆದುಕೊಟ್ಟಿದ್ದರು. “ಮಾಸ್ತರರೇ, ಪ್ಲೇಟ್‌ಲೆಟ್ ಎಣಿಕೆ ಸರಿಯಾಗಿದೆಯಂತೆ, ಹಾಗಿದ್ದರೆ ರಕ್ತವೇಕೆ ನಿಲ್ಲದು?” ಎಂಬುದು ಅವರ ಪ್ರಶ್ನೆ. ಇದರ ಉತ್ತರವು ವಾಚಕರಿಗೂ ಉಪಯುಕ್ತವಾದೀತೆಂದು ಇಲ್ಲಿ ಬರೆಯುತ್ತೇನೆ.

ಆರೋಗ್ಯವಂತರ ಒಂದು ಮೈಕ್ರೋಲೀಟರ್ ರಕ್ತದಲ್ಲಿ ಸುಮಾರು ೧,೫೦,೦೦೦ದಿಂದ ೪,೫೦,೦೦೦ ಪ್ಲೇಟ್‌ಲೆಟ್‌ಗಳಿರುವವು. ಆದರೆ ಗಾಯವು ಮುಚ್ಚಬೇಕಾದರೆ ಅವು ಇದ್ದರಷ್ಟೇ ಸಾಲದು, ಒಂದನ್ನೊಂದು ಹಿಡಿಯಬೇಕು. ಹಿಡಿಯುವ ಈ ಕೈಗಳಿಗೆ ಗ್ರಾಹಕಗಳೆಂದು ಹೆಸರು. ‘ಗ್ರಹ್’ ಧಾತುವಿನಿಂದ ಬಂದ ಶಬ್ದವಿದು. ಒಂದೊಂದು ಪ್ಲೇಟ್‌ಲೆಟ್ಟಿನ ಮೈಮೇಲೆ ಇಂಥ ಗ್ರಾಹಕಗಳು ಹತ್ತಾರು ಸಾವಿರ. ಫೈಬ್ರಿನೋಜನ್ ಎಂಬ ಪ್ರೋಟೀನು ನಡುವಿನ ಹಗ್ಗವಾಗಿ, ಅದರ ಎರಡು ತುದಿಗಳನ್ನು ಎರಡು ಪ್ಲೇಟ್‌ಲೆಟ್‌ಗಳು ಹಿಡಿದುಕೊಳ್ಳುವವು.

ಈ ಗ್ರಾಹಕವು ಸಿದ್ಧವಾಗುವದು ಎಲುಬಿನ ಮಜ್ಜೆಯಲ್ಲಿ, ಪ್ಲೇಟ್‌ಲೆಟ್‌ಗಳನ್ನು ಹೆರುವ ದೊಡ್ಡ ಜೀವಕೋಶದೊಳಗೆ. ಆಲ್ಫಾ, ಬೀಟಾ ಎಂಬ ಎರಡು ಪ್ರೋಟೀನಿನ ಎಳೆಗಳು ಬೇರೆಬೇರೆ ಜೀನುಗಳ ಆಜ್ಞೆಯಂತೆ ಹುಟ್ಟುವವು. ಪ್ರತಿಯೊಂದು ಎಳೆಯೂ ತಕ್ಕಂತೆ ಮಡಿಚಿಕೊಳ್ಳಬೇಕು. ಬೀಟಾ ಎಳೆಯಲ್ಲಂತೂ ಗಂಧಕದ ೨೮ ಗಂಟುಗಳು ತಮ್ಮ ತಮ್ಮ ಸ್ಥಳದಲ್ಲಿಯೇ ಬೀಳಬೇಕು. ಆಮೇಲೆ ಎರಡೂ ಎಳೆಗಳು ಅಲ್ಲಿಯೇ ಜೋಡಿಯಾಗಬೇಕು. ಒಂಟಿ ಎತ್ತಿಗೆ ನೊಗ ಹೂಡಿ ಹೊಲಕ್ಕೆ ಕಳಿಸುವ ರೈತನುಂಟೇ? ಜೀವಕೋಶವೂ ಹಾಗೆಯೇ. ಜೋಡಿ ಸಿಕ್ಕದ ಎಳೆಯನ್ನೂ ಮಡಿಕೆ ತಪ್ಪಿದ ಎಳೆಯನ್ನೂ ಅದು ಹೊರಗೆ ಬಿಡದೆ ಒಳಗೇ ಒಡೆದು ಹಾಕುವದು. ಸರಿಯಾದ ಜೋಡಿ ಮಾತ್ರ ಮುಂದಿನ ಕೋಣೆಗೆ ಹೋಗಿ, ಅಲ್ಲಿ ಇನ್ನಷ್ಟು ಸಂಸ್ಕಾರ ಹೊಂದಿ ಮೇಲ್ಮೈಯನ್ನು ಸೇರುವದು.

ಜೀನಿನಲ್ಲಿ ಒಂದಕ್ಷರ ತಪ್ಪಿದರೂ ಮಡಿಕೆ ಕೆಡಬಹುದು. ಆಗ ಪ್ಲೇಟ್‌ಲೆಟ್‌ಗಳು ಲಕ್ಷಗಟ್ಟಲೆ ಇದ್ದರೂ ಕೈಗಳಿಲ್ಲ. ಕೆಲವರಲ್ಲಿ ಕೈಗಳಿದ್ದರೂ ಹಿಡಿತವಿಲ್ಲ. ಸ್ವಿಟ್ಜರ್ಲೆಂಡಿನ ಮಕ್ಕಳ ವೈದ್ಯ ಗ್ಲಾನ್ಸ್‌ಮನ್ನರು ೧೯೧೮ರಲ್ಲಿ ವರ್ಣಿಸಿದ ರೋಗವು ಇದೇ.

ಇದು ತಾಯಿಯ ಪಥ್ಯದ ತಪ್ಪಲ್ಲ, ದೃಷ್ಟಿದೋಷವೂ ಅಲ್ಲ. ತಂದೆತಾಯಿ ಇಬ್ಬರಿಂದಲೂ ಕೆಟ್ಟ ಪ್ರತಿ ಬಂದರೆ ಮಾತ್ರ ರೋಗವು ತೋರುವದು. ಒಂದೇ ಕೆಟ್ಟ ಪ್ರತಿಯುಳ್ಳವರು ಸ್ವಸ್ಥರಾಗಿಯೇ ಇರುವರು. ಅಂಥ ಇಬ್ಬರು ಕೂಡಿದರೆ ಪ್ರತಿ ಶಿಶುವಿಗೂ ನಾಲ್ಕರಲ್ಲೊಂದು ಪಾಲು ಭಯವುಂಟು. ರಕ್ತಸಂಬಂಧದಲ್ಲಿ ಮದುವೆಯಾದಾಗ ಒಂದೇ ಕೆಟ್ಟ ಪ್ರತಿಯು ಎರಡೂ ಕಡೆಯಿಂದ ಬರುವ ಸಂಭವ ಹೆಚ್ಚು.

ಇಂಥ ಮಕ್ಕಳಿಗೆ ವೈದ್ಯರನ್ನು ಕೇಳದೆ ಆಸ್ಪಿರಿನ್ ಗುಳಿಗೆ ಕೊಡಬಾರದು. ಹಲ್ಲು ಕೀಳಿಸುವ ಮುಂಚೆ ರೋಗದ ಹೆಸರು ಹೇಳಬೇಕು. ಹುಡುಗಿ ದೊಡ್ಡವಳಾಗುವ ಕಾಲ ಸಮೀಪಿಸುವ ಮೊದಲೇ ವೈದ್ಯರ ಸಲಹೆ ಪಡೆದಿರಬೇಕು.

ಹಿರಿಯರು ಎಲ್ಲವನ್ನೂ ಕೇಳಿ ಬಹಳ ಹೊತ್ತು ಸುಮ್ಮನಿದ್ದರು. ಹುಡುಗಿಯ ತಂದೆಗೆ ಅವರು ತಂದುಕೊಂಡದ್ದು ಅಕ್ಕನ ಮಗಳನ್ನೇ. ಈಗ ಕಿರಿಯ ಮಗನಿಗೂ ಆ ಸೊಸೆಯ ತಂಗಿಯನ್ನು ತರುವ ಮಾತು ನಡೆದಿದೆ. “ಜೀನಿನ ಪರೀಕ್ಷೆ ಮಾಡಿಸಿ, ಆಮೇಲೆ ವೀಳ್ಯ ಹಿಡಿಯಿರಿ” ಎಂದೆ. ಸಂಬಂಧ ಬಿಡಿಸುವದು ನನ್ನ ಉದ್ದೇಶವಲ್ಲ, ತಿಳಿದು ಮಾಡಲೆಂಬುದಷ್ಟೇ. ಹೊರಡುವಾಗ ಅವರು ಚೀಟಿಯನ್ನು ಮಡಿಚಿ ಜೋಪಾನವಾಗಿ ಕಿಸೆಯಲ್ಲಿಟ್ಟುಕೊಂಡು, “ಮೊದಲು ಮಗಳ ಮನೆಗೆ ಹೋಗಿ ಇದನ್ನು ತೋರಿಸುತ್ತೇನೆ” ಎಂದರು.