ಗಲಭೆಯ ಮರುದಿನ ಕೇಳದ ಪ್ರಶ್ನೆ

2024ರ ಸೆಪ್ಟೆಂಬರ್ 11ರ ರಾತ್ರಿ ನಾಗಮಂಗಲದಲ್ಲಿ ಗಣೇಶ ವಿಸರ್ಜನಾ ಮೆರವಣಿಗೆಯ ವೇಳೆ ಭುಗಿಲೆದ್ದ ಗಲಭೆಯಲ್ಲಿ ಅಂಗಡಿಗಳೂ ವಾಹನಗಳೂ ಬೆಂಕಿಗೆ ಆಹುತಿಯಾದವು. ಐವತ್ತಕ್ಕೂ ಹೆಚ್ಚು ಮಂದಿಯ ಬಂಧನವಾಯಿತು. ಬಳಿಕ ನಡೆದ ಚರ್ಚೆಯೆಲ್ಲ ಮೊದಲ ಕಲ್ಲು ಯಾರದು, ಪಿತೂರಿ ಯಾರದು ಎಂಬುದರ ಸುತ್ತಲೇ ತಿರುಗಿತು. ತಪ್ಪಿತಸ್ಥರು ಯಾವ ಸಮುದಾಯದವರೇ ಆಗಿರಲಿ, ಕಾನೂನು ಅವರನ್ನು ಶಿಕ್ಷಿಸಲಿ. ಅದರಲ್ಲಿ ನಮಗೆ ಎರಡು ಮಾತಿಲ್ಲ. ಆದರೆ ಪ್ರಶ್ನೆ ಅಲ್ಲಿಗೇ ಮುಗಿಯುವುದೇ?

ಎರಡನೇ ಮಹಾಯುದ್ಧದ ನಂತರದ ಅಮೆರಿಕವನ್ನು ನೋಡಿ. ಸರಕಾರದ ಖಾತರಿಯುಳ್ಳ ಸಾಲ ಪಡೆದ ಬಿಳಿಯ ಕುಟುಂಬಗಳು ನಗರಗಳ ಹೊರಗಿನ ಹೊಸ ಬಡಾವಣೆಗಳಿಗೆ ತೆರಳಿದವು. ಕಾರ್ಖಾನೆಗಳೂ ನಗರ ಬಿಟ್ಟವು. ದಕ್ಷಿಣದಿಂದ ದುಡಿಮೆ ಅರಸಿ ಬಂದಿದ್ದ ಕಪ್ಪುವರ್ಣೀಯರಿಗೆ ಆ ಸಾಲವೂ ದುರ್ಲಭ, ಆ ಬಡಾವಣೆಯ ಮನೆಯೂ ದುರ್ಲಭ. 1964ರಲ್ಲಿ ನಾಗರಿಕ ಹಕ್ಕುಗಳ ಕಾಯ್ದೆ, 1965ರಲ್ಲಿ ಮತದಾನ ಹಕ್ಕಿನ ಕಾಯ್ದೆ ಬಂದರೂ ಕೇರಿಗಳ ಗೋಡೆ ಕದಲಲಿಲ್ಲ. 1967ರ ಜುಲೈಯಲ್ಲಿ ಡೆಟ್ರಾಯ್ಟ್ ನಗರದಲ್ಲಿ ಪರವಾನಗಿಯಿಲ್ಲದ ಮದ್ಯದಂಗಡಿಯೊಂದರ ಮೇಲೆ ಪೊಲೀಸರು ನಡೆಸಿದ ದಾಳಿಯೇ ಕಿಡಿಯಾಗಿ, 43 ಮಂದಿ ಪ್ರಾಣ ಕಳೆದುಕೊಂಡರು.

ಅಧ್ಯಕ್ಷ ಲಿಂಡನ್ ಜಾನ್ಸನ್, ಇಲಿನಾಯ್ ರಾಜ್ಯಪಾಲ ಓಟ್ಟೊ ಕರ್ನರ್ ನೇತೃತ್ವದಲ್ಲಿ 11 ಮಂದಿಯ ಆಯೋಗ ನೇಮಿಸಿದರು. ಏನಾಯಿತು, ಯಾಕಾಯಿತು, ಮತ್ತೆ ಆಗದಂತೆ ಏನು ಮಾಡಬೇಕು ಎಂಬ ಮೂರೇ ಪ್ರಶ್ನೆ. 1968ರ ವರದಿಯು ಗಲಭೆಗಳ ಹಿಂದೆ ಸಂಘಟಿತ ಪಿತೂರಿಯಿಲ್ಲವೆಂದಿತು. ದೇಶವೇ ಕರಿಯ, ಬಿಳಿಯ ಎಂಬ ಎರಡು ಅಸಮಾನ ಸಮಾಜಗಳಾಗಿ ಸೀಳುತ್ತಿದೆಯೆಂದು ಎಚ್ಚರಿಸಿತು. ಪತ್ರಿಕಾರಂಗವನ್ನೂ ಅದು ಬಿಡಲಿಲ್ಲ. ಸುದ್ದಿಮನೆಗಳ ಸಂಪಾದಕೀಯ ಹುದ್ದೆಗಳಲ್ಲಿ ಕಪ್ಪುವರ್ಣೀಯರು ಶೇಕಡಾ 5ಕ್ಕೂ ಕಡಿಮೆ. ಪತ್ರಿಕೆಗಳು ಬಿಳಿಯರ ಕಣ್ಣಿನಿಂದಲೇ ಜಗತ್ತನ್ನು ಕಾಣುತ್ತಿವೆ ಎಂದಿತು. ಜಾನ್ಸನ್‌ಗೆ ವರದಿ ರುಚಿಸಲಿಲ್ಲ. ಒಂದೇ ತಿಂಗಳಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಕೊಲೆಯಾದರು, ನೂರಕ್ಕೂ ಹೆಚ್ಚು ನಗರಗಳು ಹೊತ್ತಿದವು.

ನಮ್ಮ ಮಂಡ್ಯ ಜಿಲ್ಲೆ ಡೆಟ್ರಾಯ್ಟ್ ಅಲ್ಲ, ನಿಜ. ಕಬ್ಬಿನ ಬಾಕಿಗೂ ನಾಲೆಯ ನೀರಿಗೂ ಇಲ್ಲಿ ಮತಭೇದವಿಲ್ಲ. ಪಾಂಡವಪುರದ ಹಸಿರು ಶಾಲು ಕಲಿಸಿದ ಪಾಠವದು. ಆದರೆ ಶ್ರೀರಂಗಪಟ್ಟಣದ ಜಾಮಿಯಾ ಮಸೀದಿಯ ಹೆಸರಿನಲ್ಲಿ 2022ರ ಜೂನ್‌ನಲ್ಲಿ ನಿಷೇಧಾಜ್ಞೆ ಹೇರಬೇಕಾಗಿ ಬಂದಾಗ, ನಾಗಮಂಗಲ ಹೊತ್ತಿದಾಗ, ನಮ್ಮ ಮೊಹಲ್ಲಾದ ಮಾತು ಹೊರಗಿನ ಓದುಗನಿಗೆ ಎಷ್ಟು ಮುಟ್ಟಿತು?

ಪತ್ರಿಕೆಗಳನ್ನು ದೂರುವುದು ಸುಲಭ, ನಾವೂ ದೂರಿದ್ದೇವೆ. ಆದರೆ ನಮ್ಮ ಮನೆಯೊಳಗೆ ಉರ್ದು, ಅಂಗಡಿಯಲ್ಲಿ ಕನ್ನಡ. ಆ ಕನ್ನಡವೂ ಲೆಕ್ಕದ ಪುಸ್ತಕ ದಾಟುವುದು ಅಪರೂಪ. ಪಕ್ಕದ ಬೀದಿಯವರ ಮದುವೆಗೆ ಹೋಗುತ್ತೇವೆ, ಅವರು ಓದುವ ಪತ್ರಿಕೆ ನಮ್ಮ ಮನೆಗೆ ಬರುವುದಿಲ್ಲ. ಕೆ.ಆರ್.ಪೇಟೆಯಲ್ಲೋ ನಾಗಮಂಗಲದಲ್ಲೋ ಬಿ.ಎ. ಮುಗಿಸಿದ ಮಗಳು ಕನ್ನಡ ಪತ್ರಿಕೆಗೆ ವರದಿಗಾರ್ತಿಯಾಗುತ್ತೇನೆಂದರೆ ನಮ್ಮಲ್ಲಿ ಎಷ್ಟು ತಂದೆಯರು ಹೂಂ ಎಂದಾರು?